ದಡ್ಡಿಗೆ ಕಂಬ ಹುಡುಕಿದ ದಿನ

ನಾನು ಚಿಕ್ಕವಳಿದ್ದಾಗ ಒಂದು ಕಡೆ ಕೂರುವುದು ನನ್ನಿಂದ ಆಗುತ್ತಲೇ ಇರಲಿಲ್ಲ. ಊಟಕ್ಕೆ ಕೂತರೆ ಅರ್ಧ ರೊಟ್ಟಿ ಕೈಯಲ್ಲಿ ಹಿಡಿದು ಬಾಗಿಲಿಗೆ ಓಡುತ್ತಿದ್ದೆ. ತಲೆ ಬಾಚಲು ಅಕ್ಕ ಮುಂದೆ ಕೂರಿಸಿಕೊಂಡರೆ ಒಂದು ಜಡೆ ಮುಗಿಯುವಷ್ಟರಲ್ಲಿ ಎದ್ದು ಹೋಗಿರುತ್ತಿದ್ದೆ. ಒಂದು ಕಡೆ ಜಡೆ, ಇನ್ನೊಂದು ಕಡೆ ಹರಡಿದ ಕೂದಲು, ಹಾಗೆಯೇ ಶಾಲೆಗೆ ಹೋದ ದಿನಗಳೂ ಇವೆ. "ಕಾಲಿಗೆ ಗಾಲಿ ಕಟಗೊಂಡ ಹುಟ್ಟ್ಯಾಳ ಇಕಿ" ಎಂದು ಅವ್ವ ಬೈಯುತ್ತಿದ್ದಳು. ಆದರೆ ಮೊಮ್ಮಕ್ಕಳೇ, ನಾನು ನಿಮಗೆ ಹೇಳಬೇಕೆಂದಿರುವ ಆ ಒಂದು ದಿನ ನಮ್ಮ ಮನೆಯಲ್ಲಿ ನಾನೊಬ್ಬಳೇ ಅಲ್ಲ, ಯಾರೂ ಕೂರಲಿಲ್ಲ.

ನಮ್ಮ ಮನೆ ವಳಸಂಗ ಊರಿನ ಒಳಗೆ ಇರಲಿಲ್ಲ. ಹೊಲದಲ್ಲೇ ಕಲ್ಲು ಮಣ್ಣಿನ ಗೋಡೆ ಎಬ್ಬಿಸಿ, ಮೇಲೆ ಮಣ್ಣಿನ ಮಾಳಿಗೆ ಹಾಕಿಕೊಂಡು ಇದ್ದೆವು. ಮನೆಯ ಹಿಂದೆ ಆಡುಗಳನ್ನು ಕೂಡುವ ದಡ್ಡಿ ಇತ್ತು. ಸುತ್ತಲೂ ಮರದ ಕಂಬ ನೆಟ್ಟು, ಕಂಬದಿಂದ ಕಂಬಕ್ಕೆ ಅಡ್ಡ ಗಳ ಕಟ್ಟಿ, ಆ ಗಳಗಳಿಗೆ ಜಾಲಿಮುಳ್ಳು ಹೆಣೆದ ಬೇಲಿ ಅದು. ಹಗಲೆಲ್ಲ ಮೇಯ್ದು ಬಂದ ಆಡುಗಳು ಸಂಜೆ ಅದರೊಳಗೆ ಸೇರಿ, ಒಂದನ್ನೊಂದು ಒತ್ತಿಕೊಂಡು ಮೆಲುಕು ಹಾಕುತ್ತ ಮಲಗುತ್ತಿದ್ದವು. ಹಿಕ್ಕೆಯ ಬಿಸಿ ವಾಸನೆ, ಹಾಲಿನ ವಾಸನೆ, ಒಣಗಿದ ಎಲೆಯ ವಾಸನೆ ಎಲ್ಲ ಬೆರೆತು ಮನೆಯೊಳಗೂ ಬರುತ್ತಿತ್ತು. ನಮಗದು ನಮ್ಮ ಮನೆಯ ವಾಸನೆಯೇ ಆಗಿತ್ತು.

ಆಡುಗಳೆಲ್ಲ ಅಕ್ಕನವು. ಅಕ್ಕನವು ಅಂದರೆ ಅವಳೇ ಕಾಯುತ್ತಿದ್ದಳು, ಹಾಲು ಹಿಂಡುತ್ತಿದ್ದಳು, ಮರಿ ಹಾಕುವಾಗ ಪಕ್ಕದಲ್ಲಿ ಕೂರುತ್ತಿದ್ದಳು. ನನಗಿಂತ ಅವಳು ಬಹಳ ದೊಡ್ಡವಳು. ಶಾಲೆ ಬಿಟ್ಟು ಎಷ್ಟೋ ಕಾಲವಾಗಿತ್ತು. ಹೆಚ್ಚು ಮಾತಿನವಳಲ್ಲ. ಆದರೆ ಕತ್ತಲಲ್ಲಿ ಒಂದು ಆಡು ಕೆಮ್ಮಿದರೂ ಅದು ಯಾವುದೆಂದು ಹೇಳುತ್ತಿದ್ದಳು. ಅಪ್ಪನದು ಬಾವಿ ತೋಡುವ ಕೆಲಸ. ಗುಂಪು ಕಟ್ಟಿಕೊಂಡು ಊರೂರಿಗೆ ಹೋಗುತ್ತಿದ್ದ. ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ.

ಹೋಳಿ ಹುಣ್ಣಿಮೆ ಹತ್ತಿರ ಬಂದಿತ್ತು. ಬಿಳಿಜೋಳ ಕೀಳುವ ದಿನಗಳು. ಅವ್ವ ನಸುಕಿನಲ್ಲೇ ಎದ್ದು ಕೂಲಿಗೆ ಹೋಗಿದ್ದಳು. ಅಪ್ಪ ಮರುದಿನ ಮುಂಜಾನೆ ದೂರದ ಊರಿನ ಬಾವಿಗೆ ಹೊರಡುವವನಿದ್ದ. ನಾನು ಎದ್ದು ಹೊರಗೆ ಬಂದಾಗ ಗಾಳಿ ಬೀಸುತ್ತಿತ್ತು. ನಮ್ಮ ಕಡೆಯ ಗಾಳಿ ನಿಮಗೆ ಗೊತ್ತಲ್ಲ, ತಡೆಯುವ ಗುಡ್ಡವಿಲ್ಲ, ಮರವಿಲ್ಲ, ಶುರುವಾಯಿತೆಂದರೆ ಬಾಯಿಯೊಳಗೆಲ್ಲ ಮಣ್ಣು. ಆ ಗಾಳಿಯಲ್ಲಿ ಒಂದು ಆಡು ಒಂದೇ ಸಮನೆ ಕೂಗುತ್ತಿತ್ತು. ಕೂಗುವುದು, ದಡ್ಡಿಯ ಸುತ್ತ ಓಡುವುದು, ನಿಂತು ಹಳ್ಳದ ಕಡೆ ನೋಡುವುದು, ಮತ್ತೆ ಕೂಗುವುದು.

ರಾತ್ರಿ ತೋಳ ಬಂದು ಹೋಗಿತ್ತು. ಹಳ್ಳದ ಕಡೆಯ ಬೇಲಿ ಪೂರ್ತಿ ನೆಲಕ್ಕೆ ಮಲಗಿತ್ತು. ಕೂಗುತ್ತಿದ್ದ ಆಡಿನ ಬಿಳಿ ಮರಿ ಇರಲಿಲ್ಲ. ಹುಟ್ಟಿ ವಾರವೂ ಆಗಿರದ ಮರಿ ಅದು. ಹಿಂದಿನ ಸಂಜೆಯಷ್ಟೇ ನನ್ನ ಬೆರಳು ಚೀಪಿತ್ತು.

ಅಪ್ಪ ಬಿದ್ದ ಬೇಲಿಯ ಮುಂದೆ ನಿಂತಿದ್ದ. ಇನ್ನೂ ನಿಂತಿದ್ದ ಒಂದು ಕಂಬವನ್ನು ಕಾಲಿನಿಂದ ಮೆಲ್ಲಗೆ ಒತ್ತಿದ. ಅದು ಕಟಕ್ಕೆಂದು ನೆಲದ ಮಟ್ಟಕ್ಕೆ ಮುರಿದು ಬಿತ್ತು. ಇನ್ನೊಂದನ್ನು ಒತ್ತಿದ, ಅದೂ ಬಿತ್ತು.

"ನಾಳಿಗಿ ನಾ ಇರಾಂಗಿಲ್ಲ. ಅದು ರುಚಿ ಕಂಡೈತಿ, ಮತ್ತ ಬರ್ತದ. ವ್ಯಾಪಾರಿ ಊರಾಗ ಬಂದಾನ. ಸಂಜಿಕ ಕರೀತೀನಿ, ಎಲ್ಲಾ ಹೊಡಕೊಂಡು ಹೋಗಲಿ" ಎಂದ.

ವ್ಯಾಪಾರಿ ಎಂದರೆ ಕರಜಗಿ, ಬೆಳುಂಕಿ ಅಂತ ಹಳ್ಳಿ ಹಳ್ಳಿ ತಿರುಗಿ ಆಡು ಕುರಿ ಕೊಂಡು ಸಂತೆಗೆ ಒಯ್ಯುವವನು. ಅವನ ಹೆಸರು ಕೇಳಿದ್ದೇ ಅಕ್ಕನ ಮುಖ ಬದಲಾಯಿತು. ಅವಳು ಅಪ್ಪನ ಎದುರು ದನಿ ಎತ್ತಿದ್ದನ್ನು ನಾನು ಅಲ್ಲಿಯತನಕ ಕಂಡಿರಲಿಲ್ಲ.

"ಅಪ್ಪಾ, ಇವತ್ತೊಂದು ದಿನ ಕೊಡು. ಬೇಲಿ ನಿಂದರಸ್ತೀವಿ."

"ಕಂಬ ಎಲ್ಲಿಂದ ತರ್ತಿ?"

"ಹುಡಕ್ತೀನಿ."

ಅಪ್ಪ ಅವಳನ್ನು ನೋಡಿದ, ಆಡುಗಳನ್ನು ನೋಡಿದ. ಆಮೇಲೆ ಗೋಡೆಗೆ ಒರಗಿಸಿದ್ದ ತನ್ನ ಹಾರೆ ತೆಗೆದುಕೊಂಡ.

"ಕುಣಿ ನಾ ತೋಡ್ತೀನಿ. ಕಂಬ ನೀವು ತರ್ರಿ. ಹೊತ್ತು ಮುಳಗೂದ್ರಾಗ ಒಂದೊಂದು ಕಂಬ ಹಿಡಿದು ಅಲುಗಾಡಿಸಿ ನೋಡ್ತೀನಿ. ಒಂದು ಅಲಗಿದ್ರೂ ಆಡು ಹೋಗ್ತಾವ. ಆಮ್ಯಾಲ ಅಳಬಾರ್ದು ನೋಡ್ರಿ ಮತ್ತ."

ಅಕ್ಕ ಹೂಂ ಎಂದಳು. ನಾನು ಆಗಲೇ ದಾರಿಗೆ ಓಡಿದ್ದೆ. "ಎಲ್ಲಿಗಿ ಓಡ್ತಿ? ಯಾವ ಕಂಬ ಬೇಕಂತ ಗೊತ್ತೈತೇನು?" ಎಂದು ಅಕ್ಕ ಕೂಗಿದಾಗ ನಿಂತೆ. ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ.

ಹಾಗಾಗಿ ಅವಳು ಮೊದಲು ಮಾಡಿದ ಕೆಲಸವೆಂದರೆ ಬಿದ್ದ ಬೇಲಿಯ ಬುಡಗಳನ್ನು ಒಂದೊಂದಾಗಿ ಕಿತ್ತದ್ದು. ನನಗೋ ತಳಮಳ. ಹೊತ್ತು ಏರುತ್ತಿದೆ, ಇವಳು ಸತ್ತ ಕಂಬಗಳ ಮುಂದೆ ಕೂತಿದ್ದಾಳಲ್ಲ ಎಂದು ಅವಳ ಸುತ್ತ ಸುತ್ತುತ್ತಿದ್ದೆ. ಆದರೆ ಅವಳು ಕಿತ್ತು ತೆಗೆದದ್ದನ್ನು ಕಂಡಾಗ ನಾನೂ ಬಗ್ಗಿ ನೋಡಿದೆ. ಮೇಲೆ ಗಟ್ಟಿಯಾಗಿ ಕಾಣುತ್ತಿದ್ದ ಕಂಬಗಳು ಮಣ್ಣಿನೊಳಗೆ ಒಣಗಿದ ರೊಟ್ಟಿಯಂತೆ ಪುಡಿಪುಡಿ ಆಗಿದ್ದವು. ಬಿಳಿ ಗೆದ್ದಲು ಸಾಲುಗಟ್ಟಿ ಹೊರಗೆ ಬಂದವು. ಕೆಲವು ಕಂಬಗಳಲ್ಲಿ ಹೊರಗಿನ ಬಿಳಿ ಭಾಗ ತಿಂದು ಹೋಗಿ, ನಡುವಿನ ಕೆಂಪು ತಿರುಳು ಮಾತ್ರ ಕೋಲಿನಂತೆ ಉಳಿದಿತ್ತು. ಮೂಲೆಯಲ್ಲಿದ್ದ ಒಂದು ಕಂಬವನ್ನು ಮಾತ್ರ ನಾವಿಬ್ಬರೂ ಜಗ್ಗಿದರೂ ಕೀಳಲು ಆಗಲಿಲ್ಲ. ಅಪ್ಪ ಬಂದು ಸುತ್ತ ಮಣ್ಣು ಕೆದರಿ ತೋರಿಸಿದ. ಅದರ ಬುಡ ಕರಿ ಕಲ್ಲಿನಂತಿತ್ತು. ಅಕ್ಕ ಕುಡುಗೋಲಿನಿಂದ ಕೆರೆದರೆ ಒಳಗೆ ರಕ್ತದಂಥ ಕೆಂಪು.

"ಇದು ಹಳೇ ಜಾಲಿ. ಇದನ್ನ ಮಾತ್ರ ಬಡಿಗ ಮುತ್ಯಾನ ಕಡೆಯಿಂದ ತಂದಿದ್ದೆ. ಉಳಿದದ್ದೆಲ್ಲ ಅಲ್ಲಿ ಇಲ್ಲಿ ಸಿಕ್ಕಿದ್ದು" ಎಂದ ಅಪ್ಪ. ಹೇಳಿ ಮತ್ತೆ ಕುಣಿ ತೋಡಲು ಹೋದ. ಅವನ ಹಾರೆ ಕಲ್ಲಿಗೆ ತಾಗುವ ಸದ್ದು ಖಣ್ ಖಣ್ ಎಂದು ಹಿಂದಿನಿಂದ ಬರುತ್ತಿರುವಾಗ ನಾವು ಊರ ಕಡೆ ಹೊರಟೆವು.

ದಾರಿಯಲ್ಲಿ ಸಿಕ್ಕವನು ಪಕ್ಕದ ಹೊಲದ ಕಾಕಾ. ಬದುವಿನ ಮೇಲಿನ ಎಳೆಯ ಬೇವಿನ ಮರಗಳನ್ನು ಕಡಿದು ಗಳ ಮಾಡಿ ಒಟ್ಟಿದ್ದ. ಎಷ್ಟು ನೆಟ್ಟಗೆ ಇದ್ದವೆಂದರೆ ಶಾಲೆಯ ರೂಲು ಕಟ್ಟಿಗೆಯ ಹಾಗೆ. ಸಿಪ್ಪೆ ಸುಲಿದ ಕಡೆ ಹಸಿರು, ಕೈಗೆ ನುಣ್ಣಗೆ. ನಮ್ಮ ಸುದ್ದಿ ಕೇಳಿ ಅವನು, "ಒಯ್ರಿ, ಎಷ್ಟ ಬೇಕು ಅಷ್ಟ ಒಯ್ರಿ. ಬೇಲಿ ಆದ ಮ್ಯಾಲ ನನ್ನ ಹೊಲದಾಗ ಒಂದೆರಡು ರಾತ್ರಿ ಆಡು ಕೂಡಿ ಗೊಬ್ಬರ ಮಾಡಿಕೊಟ್ರ ಸಾಕು" ಎಂದ. ನನಗೆ ಅಷ್ಟೇ ಸಾಕಿತ್ತು. ಎರಡು ಗಳ ಎತ್ತಿ ಹೆಗಲಿಗೆ ಇಟ್ಟುಕೊಂಡೇ ಬಿಟ್ಟೆ.

ಅಕ್ಕ ಮಾತ್ರ ಒಂದರ ತುದಿ ನೋಡಿದಳು, ಇನ್ನೊಂದರ ತುದಿ ನೋಡಿದಳು. ಪೂರ್ತಿ ಬಿಳಿ. ಉಗುರು ಒತ್ತಿದರೆ ಉಗುರು ಒಳಗೆ ಇಳಿಯಿತು.

"ಕಾಕಾ, ಇವು ಅಡ್ಡ ಕಟ್ಟಾಕ ಚಲೋ ಅದಾವ್ರಿ. ಅದಕ್ಕ ಒಯ್ತೀವಿ. ನೆಲದಾಗ ನಿಲ್ಲಾಕ ಇವಕ್ಕ ಕೆಂಪ ಇಲ್ಲ."

"ನಿಮ್ಮಪ್ಪ ಇವತ್ತ ಸಂಜಿಕ ನೋಡಾಂವ, ಮುಂದಿನ ವರ್ಷ ಅಲ್ಲ" ಎಂದು ಕಾಕಾ ನಕ್ಕ.

ಅದು ನಿಜವಾದ ಮಾತು. ಹಸಿ ಬೇವು ಅಂದಿನ ಸಂಜೆಗೆ ಅಲುಗಾಡುತ್ತಿರಲಿಲ್ಲ. ಆಡುಗಳು ಉಳಿಯುತ್ತಿದ್ದವು. ನಾನು ಅಕ್ಕನ ಸೆರಗು ಜಗ್ಗಿ, "ತಗೋ, ತಗೋ" ಎಂದೆ. ಅಕ್ಕ ಬಹಳ ಹೊತ್ತು ಆ ಗಳಗಳನ್ನೇ ನೋಡಿದಳು. ಕೊನೆಗೆ, "ಅಪ್ಪ ನೋಡಿ ಹೋಗ್ತಾನ. ತೋಳ ಮಳಿಗಾಲದಾಗೂ ಬರ್ತದ. ಆವಾಗ ಗೆದ್ದಲಾ ತಿಂದಿರ್ತಾವ" ಎಂದು ನನ್ನ ಹೆಗಲಿನ ಗಳ ಇಳಿಸಿ, ಮುಂದೆ ನಡೆದಳು. ನನಗೆ ಎಷ್ಟು ಸಿಟ್ಟು ಬಂತೆಂದರೆ ಊರು ಬರುವವರೆಗೂ ಅವಳಿಗಿಂತ ಬಹಳ ಮುಂದೆ ಒಬ್ಬಳೇ ಓಡಿದೆ.

ಊರಿನ ಮುದುಕ ಬಡಗಿ, ನಾವೆಲ್ಲ ಬಡಿಗ ಮುತ್ಯಾ ಎನ್ನುತ್ತಿದ್ದವನ ಮನೆ ಹಳ್ಳದ ದಂಡೆಯ ಮೇಲೆ ಇತ್ತು. ಅಂಗಳದ ತುಂಬ ಕೆತ್ತಿದ ಚಕ್ಕೆ, ಅರ್ಧ ಮಾಡಿದ ಕುಂಟೆ, ಮುರಿದ ಗಾಲಿ. ಮುತ್ಯಾ ಬೇವಿನ ನೆರಳಲ್ಲಿ ಕಾಲು ಚಾಚಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಅಂಗಳದಲ್ಲಿ ಕಂಬ ಆಗುವಂಥ ಒಂದು ಕಟ್ಟಿಗೆಯೂ ಕಾಣಲಿಲ್ಲ. ಬಂದ ಕಾರಣ ಅಕ್ಕ ಹೇಳಿದಳು.

"ಕಟ್ಟಿಗಿ ಐತಿ. ಮಡುವಿನ್ಯಾಗ ಮಲಗೇತಿ" ಎಂದ ಮುತ್ಯಾ.

ಮಡು ಎಂದರೆ ಹಳ್ಳದಲ್ಲಿ ಬೇಸಿಗೆಗೂ ನೀರು ಆರದ ಆಳದ ಗುಂಡಿ. ಜಾಲಿಯ ತೊಲೆಗಳನ್ನು ಮುತ್ಯಾ ಕಡಿದ ಕೂಡಲೇ ಅಲ್ಲಿ ಕೆಸರಿನಲ್ಲಿ ಮುಳುಗಿಸಿ ಇಡುತ್ತಿದ್ದ. ನೀರು ಕುಡಿದ ಕಟ್ಟಿಗೆಗೆ ಹುಳ ಬೀಳುವುದಿಲ್ಲವಂತೆ. "ಮತ್ತ ಹೋಳಿ ಹುಡುಗರ ಕಣ್ಣಿಗೂ ಬೀಳಾಂಗಿಲ್ಲ" ಎಂದು ಕಣ್ಣು ಮಿಟುಕಿಸಿದ. ಹೋಳಿಯ ಬೆಂಕಿಗೆಂದು ಊರ ಹುಡುಗರು ಸಿಕ್ಕಸಿಕ್ಕ ಕಟ್ಟಿಗೆ ಕದಿಯುವ ದಿನಗಳು ಅವು.

"ಕೊಡ್ತೀನಿ. ನಿಮ್ಮ ಕರಿ ಆಡು ಗಬ್ಬ ಐತಂತಲ್ಲ, ಅದು ಈದ್ರ ಹೆಣ್ಣುಮರಿ ನನಗ."

"ಗಂಡು ಮರಿ ಹಾಕಿದ್ರ ಮುತ್ಯಾ?" ಎಂದೆ ನಾನು.

"ಮುಂದಿನ ಸಲದ ತನಕ ಕಾಯ್ತೀನವಾ. ನಾ ಎಲ್ಲಿಗಿ ಓಡಿ ಹೋಗ್ಲಿ?"

ಅಕ್ಕ ಒಪ್ಪಿದಳು. ಆದರೆ ತೊಂದರೆ ಬೇರೆಯೇ ಇತ್ತು. ಮುತ್ಯಾನ ಮೊಣಕಾಲು ನೀರಿಗೆ ಇಳಿಯುವಂತಿರಲಿಲ್ಲ. ಅವನ ಮಕ್ಕಳು ಮೀರಜದಲ್ಲಿ ಕೆಲಸಕ್ಕಿದ್ದರು. ಊರ ಗಂಡಸರೆಲ್ಲ ಹೊಲದಲ್ಲಿ. ಇನ್ನು ಅಕ್ಕ, ಅವಳಿಗೆ ನೀರು ಎಂದರೆ ಭಯ. ಚಿಕ್ಕಂದಿನಲ್ಲಿ ಬಾವಿಗೆ ಬಿದ್ದು, ಅಪ್ಪ ಕೂದಲು ಹಿಡಿದು ಎತ್ತಿದ್ದ. ಅಂದಿನಿಂದ ಮೊಣಕಾಲಿಗಿಂತ ಆಳದ ನೀರಿಗೆ ಅವಳು ಇಳಿದವಳೇ ಅಲ್ಲ. ಮಡುವಿನ ದಂಡೆಯಲ್ಲಿ ನಿಂತು ಅವಳು ಹಸಿರು ನೀರನ್ನು ನೋಡುತ್ತ ತನ್ನ ಕೈಬೆರಳುಗಳನ್ನು ಹಿಂಡಿಕೊಳ್ಳುತ್ತಿದ್ದಳು.

ನಾನು ಕೇಳಲೂ ಇಲ್ಲ, ಹೇಳಲೂ ಇಲ್ಲ. ಪರಕರ ಎತ್ತಿ ಕಚ್ಚೆ ಹಾಕಿಕೊಂಡು ಇಳಿದುಬಿಟ್ಟೆ.

ನೀರು ಮೇಲೆ ಬೆಚ್ಚಗೆ, ಕೆಳಗೆ ತಣ್ಣಗೆ. ಎದೆಯ ತನಕ ಬಂತು. ಕೆಸರು ಕಾಲನ್ನು ಬಾಯಿಯಂತೆ ಒಳಗೆ ಎಳೆದುಕೊಂಡಿತು. ಹೆಜ್ಜೆ ಎತ್ತಿದರೆ ಗುಳ್ಳೆ ಎದ್ದು, ಕೊಳೆತ ಎಲೆಯ ನಾತ ಮೂಗಿಗೆ ಹೊಡೆಯುತ್ತಿತ್ತು. ಸಣ್ಣ ಮೀನುಗಳು ಮೊಣಕಾಲಿನ ಹಿಂದೆ ಕಚಗುಳಿ ಇಡುತ್ತಿದ್ದವು. ನೀರೊಳಗೆ ಏನೂ ಕಾಣುತ್ತಿರಲಿಲ್ಲ. ನೋಡುವ ಕೆಲಸವನ್ನೆಲ್ಲ ಕಾಲೇ ಮಾಡಬೇಕಿತ್ತು. ಮುತ್ಯಾ ದಂಡೆಯ ಮೇಲೆ ಕೂತು ಕೂಗಿ ಹೇಳುತ್ತಿದ್ದ.

"ಸಿಕ್ಕತೇನು? ಅದರ ಮ್ಯಾಲ ಉದ್ದಕ ನಡೀ. ಗಂಟು ಸಿಗ್ತಾವೇನು? ಬಾಳ ಗಂಟಿದ್ರ ಬಿಡು. ಹಿಮ್ಮಡಿಲೆ ಒದಿ. ಮೆತ್ತಗ ಅನಸತೇನು?"

ಒಂದು ಸಿಕ್ಕಿತು. ಜಾರುತ್ತಿತ್ತು, ಆದರೆ ಹಿಮ್ಮಡಿಯಿಂದ ಒದ್ದರೆ ನನ್ನ ಹಿಮ್ಮಡಿಗೇ ನೋವಾಯಿತು. "ಅದ ಬೇಕು!" ಎಂದು ಮುತ್ಯಾ ಕೂಗಿದ. ಹಗ್ಗದ ಕುಣಿಕೆಯನ್ನು ಕಾಲಿನಿಂದಲೇ ಅದರ ತುದಿಗೆ ಸಿಕ್ಕಿಸಬೇಕು. ಅಕ್ಕ ದಂಡೆಯಿಂದ ಜಗ್ಗುವಳು. ಕರಿ ಎಮ್ಮೆ ಎದ್ದಂತೆ ಕಂಬ ನೀರಿನಿಂದ ಮೇಲೆ ಬರುವುದು. ಅದನ್ನು ಕಲ್ಲಿನ ಮೇಲೆ ಇಟ್ಟು ಮುತ್ಯಾ ಕೊಡಲಿಯ ಹಿಂಬದಿಯಿಂದ ಬಡಿದು ಕಿವಿ ಕೊಡುತ್ತಿದ್ದ. ಠಣ್ ಎಂದರೆ ಇಟ್ಟುಕೊಳ್ಳುವುದು. ದಬ್ ಎಂದರೆ ಒಳಗೆ ಟೊಳ್ಳು, ಆ ಕಡೆ ಒಗೆಯುವುದು. ಕಷ್ಟಪಟ್ಟು ಹುಡುಕಿದ ಒಂದು ಕಂಬ ದಬ್ ಎಂದಾಗ ನನಗೆ ಅಳುವೇ ಬಂತು. ಆಮೇಲಾಮೇಲೆ ನನ್ನ ಕಾಲಿಗೆ ತಿಳಿಯತೊಡಗಿತು. ಟೊಳ್ಳು ಕಂಬ ಒದ್ದಾಗ ಸುಮ್ಮನಿರುತ್ತಿತ್ತು, ಗಟ್ಟಿ ಕಂಬ ತಿರುಗಿ ಒದ್ದಂತೆ ಅನಿಸುತ್ತಿತ್ತು. ನನ್ನ ಚಡಪಡಿಕೆ ಎಲ್ಲಿ ಹೋಗಿತ್ತೋ, ನೀರಲ್ಲಿ ಅಷ್ಟು ಹೊತ್ತು ಮೆಲ್ಲಗೆ, ಒಂದೊಂದೇ ಹೆಜ್ಜೆ ಇಟ್ಟದ್ದು ನನಗೇ ಆಶ್ಚರ್ಯ.

ಸೂರ್ಯ ನೆತ್ತಿ ದಾಟಿದ. ಇನ್ನು ಎರಡು ಸಿಕ್ಕರೆ ಸಾಕು ಎಂದು ಅಕ್ಕ ಹೇಳಿದಳು. ಅಷ್ಟು ಕೇಳಿದ್ದೇ ನನ್ನೊಳಗಿನ ಅವಸರ ಮತ್ತೆ ಎದ್ದಿತು. ಮಡುವಿನ ಆಚೆ ಬದಿಯಲ್ಲಿ ಒಂದರ ಮೇಲೊಂದು ಬಿದ್ದಿದ್ದ ಕಂಬಗಳ ಮೇಲೆ ದಬದಬ ಹತ್ತಿದೆ. ಕೆಳಗಿನದು ಉರುಳಿತು. ಮೇಲಿನದು ಜಾರಿ ಬಂದು ನನ್ನ ಬಲಗಾಲನ್ನು ಕೆಸರಿನೊಳಗೆ ಒತ್ತಿ ಹಿಡಿಯಿತು.

ನೀರು ಗದ್ದಕ್ಕೆ ಬಂತು. ಕಾಲು ಎಳೆದರೆ ಬರಲಿಲ್ಲ. ಬಗ್ಗಿ ಕೈಯಿಂದ ಎತ್ತೋಣವೆಂದರೆ ಬಾಯಿಗೆ ನೀರು. ನಾನು ಕೂಗಿದೆನೋ ಇಲ್ಲವೋ ನನಗೆ ನೆನಪಿಲ್ಲ. ಮುತ್ಯಾ ಎದ್ದು ನಿಂತು "ಯವ್ವಾ, ಯವ್ವಾ" ಎನ್ನುತ್ತಿದ್ದದ್ದು ನೆನಪಿದೆ. ಮರುಗಳಿಗೆಯಲ್ಲಿ ನೀರು ಧಬಾರೆಂದು ಹಾರಿತು. ಅಕ್ಕ ಸೀರೆ ಸಮೇತ ಇಳಿದಿದ್ದಳು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಕಣ್ಣು ಮುಚ್ಚಿಕೊಂಡೇ ನೀರು ಸೀಳಿ ಬಂದು, ನನ್ನ ಹೆಗಲು ಸಿಕ್ಕ ಮೇಲೆ ಕೆಳಗೆ ಮುಳುಗಿದಳು. ನನ್ನ ಕಾಲಿನ ಮೇಲಿನ ಭಾರ ಒಂದಿಷ್ಟು ಎದ್ದಿತು, ನಾನು ಕಾಲು ಕಿತ್ತುಕೊಂಡೆ. ಅವಳು ಮೇಲೆ ಎದ್ದಾಗ ಮುಖದ ತುಂಬ ಕೆಸರು. ದಂಡೆಗೆ ಬಂದು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು, ಆಮೇಲೆ ನನ್ನನ್ನು ಅಪ್ಪಿಕೊಂಡು ಗಡಗಡ ನಡುಗಿದಳು.

ಮುತ್ಯಾ ಹೋಗಿ ಬೆಲ್ಲ ತಂದು ಇಬ್ಬರ ಬಾಯಿಗೂ ಇಟ್ಟ. "ಸಾಕ ನಡೀರಿ ಇನ್ನ" ಎಂದ.

"ಇನ್ನೆರಡು ಬೇಕು ಮುತ್ಯಾ" ಎಂದಳು ಅಕ್ಕ. ಅವಳೇ ಮತ್ತೆ ನೀರಿಗೆ ಇಳಿದು, ನನ್ನ ಕಾಲು ಹಿಡಿದಿದ್ದ ಆ ಎರಡನ್ನೇ ಹಗ್ಗ ಕಟ್ಟಿ ಎಳೆದು ತಂದಳು. ಈ ಸಲ ಕಣ್ಣು ತೆರೆದೇ ಇತ್ತು.

ಮುತ್ಯಾನ ಗಾಡಿಯಲ್ಲಿ ಕಂಬ ಹೇರಿಕೊಂಡು ಹೊರಟೆವು. ನನ್ನ ಪಾದ ಊದಿ ಬದನೆಕಾಯಿಯಂತಾಗಿತ್ತು. ಆದರೂ ಗಾಡಿಯಲ್ಲಿ ಕೂರಲು ಆಗದೆ, ನಿಂತು ನೊಗದ ಕಡೆ ಬಗ್ಗಿ "ಲಗೂನ ಹೊಡಿ ಮುತ್ಯಾ, ಲಗೂನ" ಎನ್ನುತ್ತಿದ್ದೆ. ಕಾಕಾನ ಬೇವಿನ ಗಳಗಳನ್ನೂ ಅಡ್ಡ ಕಟ್ಟಲೆಂದು ಹೇರಿಕೊಂಡೆವು. ಎತ್ತುಗಳಿಗೆ ಯಾವ ಅವಸರವೂ ಇರಲಿಲ್ಲ. ನಮ್ಮ ನೆರಳು ಉದ್ದವಾಗುತ್ತ ಆಗುತ್ತ ರಸ್ತೆಯ ಬದಿಯ ಮುಳ್ಳುಕಂಟಿಗಳನ್ನು ದಾಟಿ ಹೋಗುತ್ತಿತ್ತು.

ಮನೆಗೆ ಬಂದಾಗ ವ್ಯಾಪಾರಿ ಆಗಲೇ ಬಂದು ಕಟ್ಟೆಯ ಮೇಲೆ ಕುಳಿತಿದ್ದ. ಪಕ್ಕದಲ್ಲಿ ಹಗ್ಗದ ಸುರುಳಿ. ಅಪ್ಪ ಕುಣಿಗಳನ್ನೆಲ್ಲ ತೋಡಿ ಮುಗಿಸಿ, ಕಲ್ಲು, ಗರಸು ಮಣ್ಣು ಎಲ್ಲ ಹತ್ತಿರ ಗುಡ್ಡೆ ಹಾಕಿಟ್ಟಿದ್ದ. ನಮ್ಮಿಬ್ಬರ ಅವತಾರ ನೋಡಿದ, ನನ್ನ ಕಾಲು ನೋಡಿದ. ಕೇಳುತ್ತ ಕೂರಲು ಹೊತ್ತಿರಲಿಲ್ಲ.

ಬುಡ ಕೆಳಗೆ ಮಾಡಿ ಕಂಬ ಇಳಿಸುವುದು, ಸುತ್ತ ಕಲ್ಲು ತುರುಕುವುದು, ಗರಸು ಸುರಿಯುವುದು, ಹಾರೆಯ ಹಿಂಬದಿಯಿಂದ ಗುದ್ದುವುದು. ಅವ್ವ ಕೂಲಿಯಿಂದ ಬಂದವಳು ತಲೆಯ ಮೇಲಿನ ಬುಟ್ಟಿ ಇಳಿಸಿ ನೇರ ಕೆಲಸಕ್ಕೆ ನಿಂತಳು. ಗಾಳಿ ಮಣ್ಣನ್ನು ಕಣ್ಣಿಗೆ ಎರಚುತ್ತಿತ್ತು. ಮರಿ ಕಳೆದುಕೊಂಡ ಆಡು ಇನ್ನೂ ಕೂಗುತ್ತಲೇ ಇತ್ತು, ದನಿ ಒಡೆದು ಹೋಗಿತ್ತು. ಕಂಬಗಳೆಲ್ಲ ನಿಂತಾಗ ಸೂರ್ಯ ಹೊಲದ ಅಂಚಿಗೆ ಮುಟ್ಟಿದ್ದ.

ಅಪ್ಪ ಕೈ ಒರೆಸಿಕೊಂಡು ಒಂದು ತುದಿಯಿಂದ ಶುರುಮಾಡಿದ. ಎರಡೂ ಕೈಯಿಂದ ಕಂಬ ಹಿಡಿದು, ಎದೆ ಕೊಟ್ಟು ನೂಕುವುದು, ಹಿಂದಕ್ಕೆ ಜಗ್ಗುವುದು. ಮೊದಲನೆಯದು ಅಲುಗಲಿಲ್ಲ. ಎರಡನೆಯದೂ ಇಲ್ಲ. ವ್ಯಾಪಾರಿಯೂ ಎದ್ದು ಬಂದು ನೋಡುತ್ತ ನಿಂತ. ಅಕ್ಕ ಕರಿ ಆಡಿನ ಕೊರಳಲ್ಲಿ ಕೈ ಹಾಕಿಕೊಂಡಿದ್ದಳು. ನಾನು ಅಪ್ಪನ ಹಿಂದೆ ಕುಂಟುತ್ತ ಒಂದೊಂದು ಕಂಬಕ್ಕೂ ಹೋಗುತ್ತಿದ್ದೆ.

ಸಾಲಿನ ಕೊನೆಗೆ ಹತ್ತಿರವಿದ್ದ ಒಂದು ಕಂಬ ಅಲುಗಿತು.

ಸ್ವಲ್ಪವೇ. ಆದರೆ ಎಲ್ಲರಿಗೂ ಕಂಡಿತು. "ಆತು ಬಿಡ್ರಿ ಭಾವ್, ಕತ್ತಲಾಗ್ತದ" ಎಂದು ವ್ಯಾಪಾರಿ ಹಗ್ಗದ ಸುರುಳಿ ಬಿಚ್ಚತೊಡಗಿದ. ಅಕ್ಕ ಅಳಬಾರದೆಂದು ಮುಂಜಾನೆ ಒಪ್ಪಿದ್ದಳಲ್ಲ, ತುಟಿ ಕಚ್ಚಿ ನಿಂತಳು. ನಾನೇ ಕೂಗಿದೆ. "ಅದು ಗಟ್ಟಿ ಐತಪ್ಪಾ! ನನ್ನ ಕಾಲು ಹಿಡದಿದ್ದು ಅದ! ಅದು ಠಣ್ ಅಂದೈತಿ!"

ಅಪ್ಪ ವ್ಯಾಪಾರಿಗೆ ಕೈ ತೋರಿಸಿ ನಿಲ್ಲಿಸಿದ. ಕಂಬವನ್ನು ಇನ್ನೊಮ್ಮೆ ಅಲುಗಾಡಿಸಿದ. ಆಮೇಲೆ ಮಂಡಿಯೂರಿ, ಈಗಷ್ಟೇ ಗುದ್ದಿದ್ದ ಮಣ್ಣನ್ನು ಕೈಯಿಂದ ಬಗೆದು, ಕಲ್ಲು ಕಿತ್ತು, ಕುಣಿಯೊಳಗೆ ಮೊಣಕೈ ತನಕ ಕೈ ಇಳಿಸಿದ. ಎದ್ದಾಗ ಅವನ ಮುಖದಲ್ಲಿ ನಾಚಿಕೆಯಂಥದ್ದು ಏನೋ ಇತ್ತು.

"ಕಂಬದ್ದೇನೂ ತಪ್ಪಿಲ್ಲ. ಕುಣಿ ನಂದು. ಕೆಳಗ ಬಂಡಿಗಲ್ಲು ಹತ್ತಿತ್ತು, ಮುಂದ ತೋಡಲಿಲ್ಲ ನಾ. ಸಾಕಂತ ಬಿಟ್ಟೆ" ಎಂದ.

ಬಂಡೆ ಒಡೆದು ನೀರು ತೆಗೆಯುವ ಕೆಲಸದವನು ಅವನು. ಆ ಮಾತು ಹೇಳುವುದು ಅವನಿಗೆ ಸುಲಭ ಇರಲಿಲ್ಲವೆಂದು ಈಗ ನನಗೆ ಅನಿಸುತ್ತದೆ. ಅಪ್ಪ ವ್ಯಾಪಾರಿಯ ಕಡೆ ತಿರುಗಿ, "ಚಾ ಕುಡದು ಹೋಗ್ರಿ. ಆಡು ಕೊಡಾಂಗಿಲ್ಲ" ಎಂದ. ಹಾರೆ ಎತ್ತಿಕೊಂಡು ಕಂಬ ಕಿತ್ತಿಟ್ಟು, ಕುಣಿಯ ತಳದ ಬಂಡೆಗೆ ಹೊಡೆಯತೊಡಗಿದ. ಕಿಡಿ ಹಾರುತ್ತಿದ್ದವು. ವ್ಯಾಪಾರಿ ಗೊಣಗುತ್ತ ಚಹಾ ಕುಡಿದ. ಹೋಗುವ ಮುಂಚೆ, ಯಾಕೋ ಏನೋ, ತಾನೂ ಬಂದು ಕಂಬ ಹಿಡಿದು ನಿಲ್ಲಿಸಲು ಕೈ ಕೊಟ್ಟ. ಗಳ ಕಟ್ಟಿ ಮುಳ್ಳು ಹೆಣೆದು ಮುಗಿಸಿದಾಗ ಚುಕ್ಕಿ ಮೂಡಿದ್ದವು.

ಮರುದಿನ ಬೆಳಕು ಹರಿಯುವಾಗ ಅಪ್ಪ ಗಂಟು ಹೆಗಲಿಗೆ ಹಾಕಿಕೊಂಡು ಹೊರಟವನು ದಡ್ಡಿಯನ್ನೊಮ್ಮೆ ಸುತ್ತಿದ. ನಾವೂ ಹಿಂದೆ ಹೋದೆವು. ಹೊಸ ಬೇಲಿಯ ಉದ್ದಕ್ಕೂ ಹೊರಗಿನ ಮಣ್ಣಿನಲ್ಲಿ ತೋಳದ ಹೆಜ್ಜೆ ಇದ್ದವು. ಒಂದು ಕಡೆ ಕಂಬದ ಬುಡದಲ್ಲಿ ಕೆದರಿತ್ತು. ಇನ್ನೊಂದು ಕಡೆ ನಿಂತು ಯೋಚಿಸಿತ್ತೋ ಏನೋ, ಹೆಜ್ಜೆ ಮೇಲೆ ಹೆಜ್ಜೆ. ಆಮೇಲೆ ಹಳ್ಳದ ಕಡೆ ಹೋಗಿತ್ತು. ಒಳಗೆ ಆಡುಗಳೆಲ್ಲ ಇದ್ದವು.

ಅಪ್ಪ ಅಕ್ಕನ ಮುಖ ನೋಡಿದ. "ಬಾಗಲಾ ಭದ್ರ ಹಾಕ್ರಿ" ಎಂದಷ್ಟೇ ಹೇಳಿ ಹೊರಟು ಹೋದ.

ಕರಿ ಆಡು ಎರಡು ಮರಿ ಹಾಕಿತು, ಒಂದು ಹೆಣ್ಣು. ಹಾಲು ಬಿಟ್ಟ ಮೇಲೆ ಅಕ್ಕ ತಾನೇ ಅದನ್ನು ಎತ್ತಿಕೊಂಡು ಹೋಗಿ ಬಡಿಗ ಮುತ್ಯಾನಿಗೆ ಕೊಟ್ಟು ಬಂದಳು. ಅಕ್ಕನ ಮದುವೆಯಾಗಿ, ನನ್ನ ಮದುವೆಯಾಗಿ, ಎಷ್ಟೋ ಮಳೆಗಾಲ ಕಳೆದರೂ ಆ ಕಂಬಗಳು ನಿಂತೇ ಇದ್ದವು.

ಈಗ ನಿಮ್ಮ ಅಪ್ಪ ಹಾಕಿಸಿರುವ ಬೇಲಿ ನೋಡಿ. ಟೆಂಪೋದಲ್ಲಿ ಸಿಮೆಂಟಿನ ಕಂಬ ಬಂದವು, ಎಲ್ಲ ಒಂದೇ ಅಚ್ಚಿನವು, ಯಾವುದು ಎಲ್ಲಿ ನೆಟ್ಟರೂ ನಡೆಯುತ್ತದೆ. ತಂತಿಯ ಜಾಲರಿ, ಕಬ್ಬಿಣದ ಬಾಗಿಲು, ಮೇಲೊಂದು ದೀಪ. ದಿಬ್ಬದ ಮೇಲೆ ಗಾಳಿಯಂತ್ರಗಳು ತಿರುಗುತ್ತವೆ. ನಮ್ಮ ಕಣ್ಣಿಗೆ ಮಣ್ಣು ಎರಚುತ್ತಿದ್ದ ಗಾಳಿಯಿಂದ ನಿಮಗೆ ಕರೆಂಟು. ನಿಮ್ಮನ್ನು ಯಾರೂ ಮಡುವಿಗೆ ಇಳಿಯಲು ಬಿಡುವುದಿಲ್ಲ. ಇಳಿಯಬೇಕಾದ ಕೆಲಸವೂ ಇಲ್ಲ. ತೋಳವನ್ನು ನೀವು ಪುಸ್ತಕದ ಚಿತ್ರದಲ್ಲಿ ಮಾತ್ರ ಕಂಡಿದ್ದೀರಿ.

ಈ ಕಥೆಯನ್ನು ಮೊನ್ನೆ ಮೊದಲ ಸಲ ಹೇಳಿದಾಗ ನೀವೆಲ್ಲ ಅಕ್ಕ ನೀರಿಗೆ ಹಾರಿದ್ದಕ್ಕೆ ಚಪ್ಪಾಳೆ ತಟ್ಟಿದಿರಿ. ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ಮಾತ್ರ ಚಪ್ಪಾಳೆ ತಟ್ಟಲಿಲ್ಲ. "ಆಯಿ, ಮತ್ತ ಆ ರಾತ್ರಿ ತೋಳ ಏನು ತಿಂತು?" ಎಂದು ಕೇಳಿದಳು.

ಅಪ್ಪನಾಗಲಿ, ಅಕ್ಕನಾಗಲಿ, ನಾನಾಗಲಿ, ಅದನ್ನು ಒಂದು ಸಲವಾದರೂ ಕೇಳಿಕೊಂಡವರಲ್ಲ. ನಮ್ಮ ಆಡು ಉಳಿದವು, ನಮಗೆ ಅಷ್ಟೇ ಬೇಕಿತ್ತು. ಇಷ್ಟು ವರ್ಷಗಳ ಮೇಲೆ ಆ ಪ್ರಶ್ನೆ ಕೇಳಿ ನನಗೆ ಕೂರಲಾಗಲಿಲ್ಲ. ಎದ್ದು ಬಾಗಿಲಿಗೆ ಹೋಗಿ ಹಳ್ಳದ ಕಡೆ ನೋಡಿದೆ.

"ಗೊತ್ತಿಲ್ಲವಾ. ಹಸಿದುಕೊಂಡ ಹೋಗಿರಬೇಕು" ಎಂದೆ.

ಅವಳೂ ಎದ್ದು ಬಂದು ನನ್ನ ಪಕ್ಕದಲ್ಲಿ ನಿಂತು ಅತ್ತ ಕಡೆಯೇ ನೋಡಿದಳು.